ತೊಳೆಯುವ ಟ್ಯಾಂಕಿನಲ್ಲಿ ಸಿಕ್ಕ ಬೆಳ್ಳಿ: ಒಂದು ಪ್ಲೇಟಿಂಗ್ ಘಟಕದ ಪ್ರಕರಣ

ಬೆಂಗಳೂರಿನ ಪೀಣ್ಯದ ಕಡೆ ಒಂದು ಸಣ್ಣ ಪ್ಲೇಟಿಂಗ್ ಘಟಕವಿದೆ. ಹದಿನಾಲ್ಕು ಜನ ಕೆಲಸ ಮಾಡುತ್ತಾರೆ. ಸ್ವಿಚ್‌ಗೇರ್ ಪ್ಯಾನಲ್, ಅಂದರೆ ಕರೆಂಟ್ ಹಂಚುವ, ತಡೆಯುವ ಸ್ವಿಚ್‌ಗಳ ಪೆಟ್ಟಿಗೆ ಮಾಡುವ ಕಂಪನಿಗಳು ತಾಮ್ರದ ತುಂಡುಗಳನ್ನು ಕಳಿಸುತ್ತವೆ. ಇವರು ಅದರ ಮೇಲೆ ಬೆಳ್ಳಿ ಪ್ಲೇಟಿಂಗ್ ಮಾಡಿ, ಅಂದರೆ ದ್ರಾವಣದಲ್ಲಿ ಅದ್ದಿ ಕರೆಂಟ್ ಹಾಯಿಸಿ ತೆಳು ಬೆಳ್ಳಿ ಪದರ ಕೂರಿಸಿ, ವಾಪಸ್ ಕೊಡುತ್ತಾರೆ. ನಾನು ಇಂಥ ಘಟಕಗಳ ವೆಚ್ಚದ ಲೆಕ್ಕ ನೋಡುವವನು. ಮಾಲೀಕರ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಘಟಕದ ಒಳಗಿನ ಕೆಲವು ವಿವರಗಳನ್ನು, ಅಂಕಿಗಳನ್ನು ಸ್ವಲ್ಪ ಬದಲಿಸಿದ್ದೇನೆ. ಲೆಕ್ಕದ ದಾರಿ ಮಾತ್ರ ನಡೆದ ಹಾಗೇ ಇದೆ.

ತಾಮ್ರದ ಮೇಲೆ ಬೆಳ್ಳಿ ಯಾಕೆ ಬೇಕು ಅಂತ ಬಹಳ ಜನ ಕೇಳುತ್ತಾರೆ. ಕರೆಂಟ್ ಹರಿಸುವುದರಲ್ಲಿ ಎಲ್ಲ ಲೋಹಗಳಿಗಿಂತ ಬೆಳ್ಳಿಯೇ ಮುಂದು. ಆದರೆ ತಾಮ್ರಕ್ಕಿಂತ ಅದು ಮುಂದಿರುವುದು ನೂರಕ್ಕೆ ಆರರಷ್ಟು ಮಾತ್ರ. ಅಷ್ಟಕ್ಕೋಸ್ಕರ ಯಾರೂ ಇಷ್ಟು ದುಡ್ಡು ಸುರಿಯುವುದಿಲ್ಲ. ನಿಜವಾದ ಕಾರಣ ಮೇಲ್ಮೈಯಲ್ಲಿದೆ. ಬಿಸಿಯಾದ ತಾಮ್ರದ ಮೇಲೆ ಆಕ್ಸೈಡ್ ಪೊರೆ ಕಟ್ಟುತ್ತದೆ. ಆ ಪೊರೆ ಕರೆಂಟಿಗೆ ಅಡ್ಡ ನಿಲ್ಲುತ್ತದೆ. ಎರಡು ತುಂಡು ಮುಟ್ಟುವ ಜಾಗ ಇನ್ನಷ್ಟು ಬಿಸಿಯಾಗುತ್ತದೆ, ಪೊರೆ ಇನ್ನಷ್ಟು ದಪ್ಪವಾಗುತ್ತದೆ. ಕೊನೆಗೆ ಜೋಡಣೆಯೇ ಸುಟ್ಟುಹೋಗುತ್ತದೆ. ಬೆಳ್ಳಿಗೆ ಈ ಕಾಟವಿಲ್ಲ. ಮನೆಯ ಬೆಳ್ಳಿ ದೀಪ ಕಪ್ಪಾಗುತ್ತದೆ, ನಾವು ವಿಭೂತಿ ಹಾಕಿ ಉಜ್ಜುತ್ತೇವೆ, ನಿಜ. ಅದು ಗಾಳಿಯಲ್ಲಿರುವ ಗಂಧಕದ ಕೆಲಸ. ಆ ಕಪ್ಪು ಪದರ ತೆಳುವಾಗಿ ಮೆತ್ತಗಿರುತ್ತದೆ, ಒತ್ತಿ ಮುಟ್ಟುವ ಜಾಗದಲ್ಲಿ ಸರಿದುಹೋಗುತ್ತದೆ. ಹಾಗಾಗಿ ಆಸ್ಪತ್ರೆ, ಮೆಟ್ರೊ, ಕಾರ್ಖಾನೆಗಳ ಪ್ಯಾನಲ್ ಒಳಗೆ ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ದಪ್ಪದ ಬೆಳ್ಳಿ ಸದ್ದಿಲ್ಲದೆ ಕೂತಿರುತ್ತದೆ.

ಈ ಘಟಕದ ಮುಖ್ಯ ಕೆಲಸ ಒಂದೇ ಮಾದರಿಯ ತುಂಡು. ಅದರ ಮೇಲ್ಮೈ 200 ಚದರ ಸೆಂಟಿಮೀಟರ್. ತಿಂಗಳಿಗೆ 1,600 ತುಂಡು ಬರುತ್ತವೆ. ಎಲ್ಲೇ ಅಳೆದರೂ ಬೆಳ್ಳಿ 8 ಮೈಕ್ರಾನ್‌ಗಿಂತ ಕಡಿಮೆ ಇರಬಾರದು ಅನ್ನುವುದು ಗ್ರಾಹಕ ಕಂಪನಿಯ ಷರತ್ತು. 2025ರ ಜನವರಿಯಲ್ಲಿ ಒಂದು ವರ್ಷದ ರೇಟ್ ಕಾಂಟ್ರಾಕ್ಟ್ ಆಯಿತು. ತುಂಡಿಗೆ 290 ರೂಪಾಯಿ. ಮಾಲೀಕರು ಹಾಕಿದ ಲೆಕ್ಕ ಹೀಗಿತ್ತು: ಸರಾಸರಿ 10 ಮೈಕ್ರಾನ್ ಹಿಡಿದರೆ 2.1 ಗ್ರಾಂ ಬೆಳ್ಳಿ. ಕೆಜಿಗೆ 92 ಸಾವಿರದಂತೆ 193 ರೂಪಾಯಿ. ಉಳಿದ 97ರಲ್ಲಿ ಕೂಲಿ, ಕೆಮಿಕಲ್, ಕರೆಂಟ್ ಬಿಲ್, ಬಾಡಿಗೆ, ಲಾಭ.

ಆಗ ಅವರಿಗೆ ಧೈರ್ಯ ಕೊಟ್ಟದ್ದು ಒಂದು ವಿಷಯ. 2024ರ ಜುಲೈ ಬಜೆಟ್‌ನಲ್ಲಿ ಬೆಳ್ಳಿಯ ಆಮದು ಸುಂಕವನ್ನು ಶೇ. 15ರಿಂದ 6ಕ್ಕೆ ಇಳಿಸಿದ್ದರು. "ಸುಂಕನೇ ಇಷ್ಟು ಇಳಿದ ಮೇಲೆ ಬೆಲೆ ಎಲ್ಲಿ ಏರುತ್ತೆ?" ಅಂದುಕೊಂಡಿದ್ದರಂತೆ. ವರ್ಷಪೂರ್ತಿ ಒಂದೇ ರೇಟಿಗೆ ಸಹಿ ಹಾಕಿದರು.

ಟೊಮೆಟೊ ಲೆಕ್ಕ

ಜೂನ್ ಹೊತ್ತಿಗೆ ಬೆಳ್ಳಿ ಕೆಜಿಗೆ ಒಂದು ಲಕ್ಷ ದಾಟಿತು. ಮಾಲೀಕರು ಕಾಯೋಣ ಅಂದರು. ಸೆಪ್ಟೆಂಬರ್ ಶುರುವಿಗೆ ಒಂದೂಕಾಲು ಲಕ್ಷ ಮುಟ್ಟಿತು. ಆಗ ನನಗೆ ಫೋನ್ ಬಂತು.

ಮೊದಲ ದಿನ ಅವರು ಹೇಳಿದ ಮಾತು ನನಗೆ ಈಗಲೂ ನೆನಪಿದೆ. "ನೋಡಿ ಸರ್, ನಮ್ಮೂರು ಕೋಲಾರದ ಕಡೆ. ಟೊಮೆಟೊ ರೇಟ್ ಏರಿದ ಕೂಡ್ಲೆ ಎಲ್ರೂ ಟೊಮೆಟೊ ಹಾಕ್ತಾರೆ. ಮೂರು ತಿಂಗಳಿಗೆ ಮಾರ್ಕೆಟ್ ತುಂಬುತ್ತೆ, ರೇಟ್ ಬೀಳುತ್ತೆ. ಬೆಳ್ಳೀನೂ ಅಷ್ಟೇ ಅಲ್ವಾ? ಗಣಿಯವರು ಜಾಸ್ತಿ ತೆಗೀತಾರೆ, ರೇಟ್ ಇಳಿಯುತ್ತೆ."

ಕೇಳಲು ಸರಿಯಾಗೇ ಇದೆ. ಘಟಕಕ್ಕೆ ಮೂರು ತಿಂಗಳ ನಷ್ಟ ತಂದದ್ದು ಈ ನಂಬಿಕೆಯೇ. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪ್ರಪಂಚದ ಗಣಿಗಳಿಂದ 2024ರಲ್ಲಿ ಬಂದ ಬೆಳ್ಳಿ ಸುಮಾರು 25,500 ಟನ್. ಬೆಳ್ಳಿಗೋಸ್ಕರವೇ ತೋಡಿದ ಗಣಿಗಳ ಪಾಲು ಅದರಲ್ಲಿ ಮೂರನೇ ಒಂದು ಭಾಗವೂ ಇಲ್ಲ. ನೂರರಲ್ಲಿ 70ಕ್ಕೂ ಹೆಚ್ಚು ಪಾಲು ಸೀಸ, ಸತು, ತಾಮ್ರ, ಚಿನ್ನದ ಗಣಿಗಳಲ್ಲಿ ಜೊತೆಗೆ ಸಿಗುವಂಥದ್ದು. ನಮ್ಮ ದೇಶದ್ದೇ ನೋಡಿ. ಇಲ್ಲಿ ಗಣಿಯಿಂದ ಬರುವ ಬೆಳ್ಳಿ ಹೆಚ್ಚುಕಡಿಮೆ ಪೂರ್ತಿ ರಾಜಸ್ಥಾನದ ಸೀಸ–ಸತುವಿನ ಅದಿರಿನದು. ಹಿಂದೂಸ್ತಾನ್ ಝಿಂಕ್ ಕಂಪನಿ 2023–24ರಲ್ಲಿ 746 ಟನ್ ಬೆಳ್ಳಿ ಕೊಟ್ಟಿತು. ಕಂಪನಿಯ ಹೆಸರಲ್ಲೇ ಸತು ಇದೆ. ನಮ್ಮ ರಾಯಚೂರು ಜಿಲ್ಲೆಯ ಹಟ್ಟಿಯಲ್ಲೂ ಚಿನ್ನದ ಹಿಂದೆ ಒಂದಿಷ್ಟು ಬೆಳ್ಳಿ ಬರುತ್ತದೆ.

ಈಗ ಬೆಳ್ಳಿ ಬೆಲೆ ಎರಡರಷ್ಟಾಯಿತು ಅಂದುಕೊಳ್ಳಿ. ಸತುವಿನ ಗಣಿಯವನು ಬೆಳ್ಳಿಗಾಗಿ ಇನ್ನೊಂದು ಸುರಂಗ ತೋಡುತ್ತಾನಾ? ಅವನ ಮುಖ್ಯ ಆದಾಯ ಸತು, ಸೀಸದ್ದು. ಅವುಗಳಿಗೆ ಬೇಡಿಕೆ ಇದ್ದಷ್ಟೇ ಅವನು ಅಗೆಯುತ್ತಾನೆ. ಹೊಸ ಗಣಿ ಶುರುವಾಗಲು ಹತ್ತು ವರ್ಷವೂ ಹಿಡಿಯಬಹುದು. ನಿಲ್ಲುವುದು ಮಾತ್ರ ಒಂದೇ ದಿನದ ಕೆಲಸ. ಮೆಕ್ಸಿಕೊ ಪ್ರಪಂಚದಲ್ಲೇ ಅತಿ ಹೆಚ್ಚು ಬೆಳ್ಳಿ ತೆಗೆಯುವ ದೇಶ. ಅಲ್ಲಿನ ಪೆನ್ಯಾಸ್ಕಿಟೊ ಅನ್ನುವ ದೊಡ್ಡ ಗಣಿಯಲ್ಲಿ 2023ರ ಜೂನ್‌ನಲ್ಲಿ ಕಾರ್ಮಿಕರು ಮುಷ್ಕರ ಹೂಡಿದರು. ನಾಲ್ಕು ತಿಂಗಳು ಕೆಲಸ ನಿಂತಿತು.

ಇತ್ತ ಬಳಕೆ ಏರುತ್ತಲೇ ಇದೆ. ಸೋಲಾರ್ ಸೆಲ್ ಮೇಲೆ ಕಾಣುವ ಸಣ್ಣ ಗೆರೆಗಳು ಬೆಳ್ಳಿ ಪೇಸ್ಟಿನವು. ಕಾರಿನ ರಿಲೇ, ಫ್ರಿಜ್ ಪೈಪಿನ ಬೆಸುಗೆ, ಮೊಬೈಲಿನ ಸರ್ಕ್ಯೂಟ್, ಎಲ್ಲದರಲ್ಲೂ ಚೂರುಚೂರು. 2024ರಲ್ಲಿ ಕಾರ್ಖಾನೆಗಳಿಗೇ 21 ಸಾವಿರ ಟನ್‌ಗೂ ಹೆಚ್ಚು ಬೇಕಾಯಿತು. ಒಡವೆ, ನಾಣ್ಯ, ಪೂಜಾ ಸಾಮಾನು ಬೇರೆ. 2021ರಿಂದ ಪ್ರತಿ ವರ್ಷ ಪೂರೈಕೆಗಿಂತ ಬೇಡಿಕೆಯೇ ಜಾಸ್ತಿ. ಕೊರತೆಯನ್ನು ಹಳೆಯ ದಾಸ್ತಾನಿನಿಂದ ತುಂಬಿಸುತ್ತಾ ಬಂದಿದ್ದಾರೆ. ಒಂದು ಪ್ಯಾನಲ್‌ನಲ್ಲಿ ಬೆಳ್ಳಿಯ ಪಾಲು ಚಿಕ್ಕದು. ಬೆಲೆ ಏರಿತು ಅಂತ ಪ್ಯಾನಲ್ ಮಾಡುವವರು ಅದನ್ನು ತಟ್ಟನೆ ಬಿಡುವುದಿಲ್ಲ. ಬಿಟ್ಟರೆ ಇಡೀ ಪ್ಯಾನಲ್ ಮತ್ತೆ ಪರೀಕ್ಷೆಗೆ ಹೋಗಬೇಕಾಗಬಹುದು.

ಇಷ್ಟನ್ನು ಕಾಗದದ ಮೇಲೆ ಗೀಚಿ ತೋರಿಸಿದೆ. ಮಾಲೀಕರು ಬಹಳ ಹೊತ್ತು ಸುಮ್ಮನೆ ಕೂತಿದ್ದರು. "ಹಂಗಾದ್ರೆ ಇದು ನಮ್ಮ ಮಾತು ಕೇಳೋ ಬೆಳೆ ಅಲ್ಲ" ಅಂದರು.

ಮೂರು ಪ್ರಯತ್ನ

ಮೊದಲನೆಯದು ಪತ್ರ. ಬೆಳ್ಳಿ ಏರಿದೆ, ರೇಟ್ ಜಾಸ್ತಿ ಮಾಡಿ ಅಂತ ಗ್ರಾಹಕ ಕಂಪನಿಗೆ ಬರೆದರು. ಪರ್ಚೇಸ್ ನೋಡುವ ಮೇಡಂ ಕರೆಸಿ ಮಾತಾಡಿದರು. ಒರಟಾಗಿ ಅಲ್ಲ. ಒಂದೇ ಪ್ರಶ್ನೆ ಕೇಳಿದರು. "ಸರ್, ಒಂದು ತುಂಡಿಗೆ ನಿಜವಾಗಿ ಎಷ್ಟು ಬೆಳ್ಳಿ ಹೋಗುತ್ತೆ?" ಇವರು 2.1 ಗ್ರಾಂ ಅಂದರು. "ಅದು ನಿಮ್ಮ ಕೊಟೇಷನ್‌ನಲ್ಲಿರೋದು. ಅಳೆದಿದ್ದೀರಾ?" ಅಳೆದಿರಲಿಲ್ಲ. ಮಾತು ಅಲ್ಲಿಗೇ ನಿಂತಿತು.

ಆ ದಿನ ಮಾಲೀಕರಿಗೆ ಅದು ಅವಮಾನ ಅನ್ನಿಸಿತ್ತು. ನನಗೆ ಈಗ ನೋಡಿದರೆ ಇಡೀ ಪ್ರಕರಣದ ಕೀಲಿ ಆ ಪ್ರಶ್ನೆಯಲ್ಲೇ ಇತ್ತು. ಆದರೆ ಅದನ್ನು ನಾವಿಬ್ಬರೂ ಆಗ ಹಿಡಿಯಲಿಲ್ಲ. ಒಂದು ತಿಂಗಳು ಹಾಳಾಯಿತು.

ಎರಡನೆಯದು ತವರ. ಬೆಳ್ಳಿಯ ಬದಲು ತವರದ ಪ್ಲೇಟಿಂಗ್ ಮಾಡಿದರೆ ಹೇಗೆ ಅಂತ ಕೇಳಿದರು. ಗ್ರಾಹಕರ ಡಿಸೈನ್ ಎಂಜಿನಿಯರ್ ಡ್ರಾಯಿಂಗ್ ತೆಗೆದು ಕೂತರು. ಬೋಲ್ಟ್ ಹಾಕಿ ಬಿಗಿಯುವ ಬಸ್‌ಬಾರ್‌ಗಳಿಗೆ, ಅಂದರೆ ಕರೆಂಟ್ ಒಯ್ಯುವ ಪಟ್ಟಿಗಳಿಗೆ, ತವರ ನಡೆಯುತ್ತದೆ. ಆದರೆ ಒಳಗೆ ಹೊರಗೆ ಸರಿಯುವ ಕಾಂಟ್ಯಾಕ್ಟ್‌ಗೆ ಆಗುವುದಿಲ್ಲ. ಸಣ್ಣ ಅದುರುವಿಕೆಗೇ ತವರದ ಮೇಲ್ಮೈ ಸವೆದು ಪುಡಿಯಾಗಿ ಆಕ್ಸೈಡ್ ಆಗುತ್ತದೆ. ಅದು ಕರಗುವುದೂ 232 ಡಿಗ್ರಿಗೆ. ಬೆಳ್ಳಿ ಕರಗಲು 960 ಡಿಗ್ರಿ ದಾಟಬೇಕು. ಈ ಘಟಕದ ಮುಖ್ಯ ತುಂಡು ಸರಿಯುವ ಕಾಂಟ್ಯಾಕ್ಟೇ. ಬೆಂಗಳೂರಿನಲ್ಲೇ ಕೇಂದ್ರ ವಿದ್ಯುತ್ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಆರ್‌ಐ ಇದೆ, ಸ್ವಿಚ್‌ಗೇರ್ ಪರೀಕ್ಷೆ ಅಲ್ಲಿ ನಡೆಯುತ್ತದೆ. ಒಂದು ಲೇಪ ಬದಲಿಸಲು ಅಂಥ ಪರೀಕ್ಷೆಯ ಖರ್ಚು, ಸಮಯವನ್ನು ಮತ್ತೆ ಹಾಕಲು ಕಂಪನಿ ತಯಾರಿರಲಿಲ್ಲ. ಈ ಮಾತುಕತೆಯಿಂದ ಇನ್ನೊಂದು ಪೆಟ್ಟೂ ಬಿತ್ತು. ಬೋಲ್ಟ್ ಹಾಕುವ ಎರಡು ಚಿಕ್ಕ ತುಂಡುಗಳಿಗೆ ತವರ ಸಾಕು ಅಂತ ಗ್ರಾಹಕರಿಗೆ ಗೊತ್ತಾಯಿತು. ಇವರ ಹತ್ತಿರ ತವರದ ಲೈನ್ ಇಲ್ಲ. ಆ ಕೆಲಸ ಬೇರೆ ಕಡೆ ಹೋಯಿತು.

ಮೂರನೆಯದು ಹೆದರಿಕೆಯ ಖರೀದಿ.

2025ರ ಅಕ್ಟೋಬರ್ ಬೆಳ್ಳಿಗೆ ವಿಚಿತ್ರ ತಿಂಗಳು. ಅಮೆರಿಕ ಸುಂಕ ಹಾಕಬಹುದು ಅನ್ನುವ ಭಯದಿಂದ ವರ್ಷದ ಶುರುವಿನಲ್ಲೇ ರಾಶಿ ರಾಶಿ ಬೆಳ್ಳಿ, ಬೆಳ್ಳಿ ವ್ಯಾಪಾರದ ಕೇಂದ್ರವಾದ ಲಂಡನ್‌ನಿಂದ ನ್ಯೂಯಾರ್ಕ್‌ಗೆ ಹೋಗಿತ್ತು. ಲಂಡನ್‌ನಲ್ಲಿ ಉಳಿದದ್ದರಲ್ಲಿ ಬಹುಪಾಲು ಇಟಿಎಫ್‌ಗಳ, ಅಂದರೆ ಹೂಡಿಕೆದಾರರ ಪರವಾಗಿ ಬೆಳ್ಳಿ ಕೊಂಡಿಡುವ ಫಂಡ್‌ಗಳ ಹೆಸರಿನಲ್ಲಿತ್ತು. ಅದೇ ಹೊತ್ತಿಗೆ ನಮ್ಮಲ್ಲಿ ದೀಪಾವಳಿ, ಧನ್‌ತೇರಸ್. ಭಾರತ 2024ರಲ್ಲಿ 7 ಸಾವಿರ ಟನ್‌ಗೂ ಜಾಸ್ತಿ ಬೆಳ್ಳಿ ತರಿಸಿಕೊಂಡ ದೇಶ. ನಾವೆಲ್ಲ ಒಟ್ಟಿಗೆ ಕೈ ಚಾಚಿದೆವು. ಕೊಡಲು ಅಲ್ಲಿ ಕೈಗೆ ಸಿಗುವ ಬೆಳ್ಳಿ ಇರಲಿಲ್ಲ. ಬೆಲೆ ಔನ್ಸ್‌ಗೆ (ಸುಮಾರು 31 ಗ್ರಾಂ) 50 ಡಾಲರ್ ದಾಟಿ, 1980ರ ಜನವರಿಯ ಹಳೇ ದಾಖಲೆ ಮುರಿಯಿತು. ಇಲ್ಲಿ ಕೆಲವು ಮ್ಯೂಚುವಲ್ ಫಂಡ್‌ಗಳು ಬೆಳ್ಳಿ ಯೋಜನೆಗಳಿಗೆ ಹೊಸ ದುಡ್ಡು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದವು.

ಘಟಕದವರು ಮಾಮೂಲಿಯಾಗಿ ಆನೋಡ್, ಅಂದರೆ ಪ್ಲೇಟಿಂಗ್ ಟ್ಯಾಂಕಿನಲ್ಲಿ ಕರಗುವ ಬೆಳ್ಳಿ ತಗಡು, ತರಿಸುತ್ತಿದ್ದ ವ್ಯಾಪಾರಿ ಎರಡು ವಾರ ಆಗುತ್ತೆ ಅಂದರು. ಮಾಲೀಕರು ಚಿನ್ನ ಬೆಳ್ಳಿ ಅಂಗಡಿಗಳಿರುವ ನಗರ್ತಪೇಟೆಗೆ ಹೋದರು. ಒಂದು ಅಂಗಡಿಯಲ್ಲಿ ಒಂದು ಬೆಲೆ, ಪಕ್ಕದಲ್ಲಿ ಇನ್ನೊಂದು. ಕೊನೆಗೆ ಬ್ಯಾಂಕಿನ ಓವರ್‌ಡ್ರಾಫ್ಟ್ (ಸಾಲದ) ಖಾತೆಯಿಂದ ದುಡ್ಡು ಎಳೆದು, ಕೆಜಿಗೆ 1 ಲಕ್ಷ 78 ಸಾವಿರದಂತೆ 6 ಕೆಜಿ ಗಟ್ಟಿ ಬೆಳ್ಳಿ ತಂದರು. ಹತ್ತು ಲಕ್ಷಕ್ಕೂ ಮೀರಿದ ಖರ್ಚು. ಹಬ್ಬ ಮುಗಿದು ವಾರ ಕಳೆಯುವಷ್ಟರಲ್ಲಿ ಬೆಲೆ ಒಂದೂವರೆ ಲಕ್ಷಕ್ಕಿಂತ ಕೆಳಗೆ ಬಂತು.

ಇಲ್ಲಿ ನಮ್ಮಿಬ್ಬರ ಅಭಿಪ್ರಾಯ ಈಗಲೂ ಬೇರೆ ಬೇರೆ. ಡಿಸೆಂಬರ್‌ನಲ್ಲಿ ಬೆಳ್ಳಿ 2 ಲಕ್ಷ ದಾಟಿತು. "ನೋಡಿ ಸರ್, ನಾನು ತಗೊಂಡಿದ್ದೇ ಸರಿ ಆಯ್ತು" ಅನ್ನುತ್ತಾರೆ. ಬೆಲೆಯ ಮಟ್ಟಿಗೆ ಸರಿ. ಆದರೆ ಆ ದುಡ್ಡು ಬೆಳ್ಳಿಯಲ್ಲಿ ಸಿಕ್ಕಿಕೊಂಡ ಕಾರಣ ನವೆಂಬರ್ ಸಂಬಳ ಒಂಬತ್ತು ದಿನ ತಡವಾಯಿತು. ರ‍್ಯಾಕ್ (ತುಂಡು ನೇತುಹಾಕುವ ಚೌಕಟ್ಟು) ಕಟ್ಟುವುದರಲ್ಲಿ ಪಳಗಿದ ಒಬ್ಬ ಹುಡುಗ ಕೆಲಸ ಬಿಟ್ಟು ಹೋದ. ಅವನ ಕೈಯ ಅಂದಾಜು ಬೇರೆಯವರಿಗೆ ಬರಲು ತಿಂಗಳುಗಳೇ ಬೇಕು. ಪ್ಲೇಟಿಂಗ್ ಘಟಕ ಬೆಳ್ಳಿ ವ್ಯಾಪಾರಿಯ ಹಾಗೆ ಆಡಿದರೆ ಗೆದ್ದಾಗಲೂ ಏನನ್ನೋ ಕಳೆದುಕೊಳ್ಳುತ್ತದೆ ಅಂತ ನನಗೆ ಅನ್ನಿಸಿದ್ದು ಆಗ.

ತಕ್ಕಡಿ ಬಂದ ದಿನ

ಅಕ್ಟೋಬರ್ ಕೊನೆಯಲ್ಲಿ ನಾವು ಮೇಡಂ ಕೇಳಿದ ಪ್ರಶ್ನೆಗೆ ವಾಪಸ್ ಬಂದೆವು. ಒಂದು ತುಂಡಿಗೆ ನಿಜವಾಗಿ ಎಷ್ಟು ಹೋಗುತ್ತೆ?

ಹಳೆಯ ಬಿಲ್ಲುಗಳನ್ನೆಲ್ಲ ಹರಡಿದೆವು. ತಿಂಗಳಿಗೆ ಸರಾಸರಿ 4.5 ಕೆಜಿ ಬೆಳ್ಳಿ ಕೊಂಡಿದ್ದರು. 1,600 ತುಂಡಿಗೆ ಭಾಗಿಸಿದರೆ 2.8 ಗ್ರಾಂ. ಕೊಟೇಷನ್‌ನಲ್ಲಿ ಇದ್ದದ್ದು 2.1. ಅಂದರೆ ಜನವರಿಯಲ್ಲಿ, ಬೆಳ್ಳಿ 92 ಸಾವಿರ ಇದ್ದಾಗಲೇ, ತುಂಡಿಗೆ 193ರ ಬದಲು 259 ರೂಪಾಯಿ ಬೆಳ್ಳಿಗೇ ಹೋಗುತ್ತಿತ್ತು. ಸೋರಿಕೆ ಹಳೆಯದೇ. ಬೆಲೆ ಕಡಿಮೆ ಇದ್ದಾಗ ಕಣ್ಣಿಗೆ ಬಿದ್ದಿರಲಿಲ್ಲ. ಅಕ್ಟೋಬರ್ ನಡುವಿನ ಬೆಲೆಯಲ್ಲಿ ಅದೇ ತುಂಡಿಗೆ ಸುಮಾರು 500 ರೂಪಾಯಿಯ ಬೆಳ್ಳಿ ಹಾಕಿ, 290ಕ್ಕೆ ಕೊಡುತ್ತಿದ್ದರು.

ಇಪ್ಪತ್ತು ತುಂಡುಗಳನ್ನು ಪ್ಲೇಟಿಂಗ್‌ಗೆ ಮುಂಚೆ, ಆಮೇಲೆ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿದೆವು. ಸರಾಸರಿ 2.5 ಗ್ರಾಂ. ಅಂದರೆ 12 ಮೈಕ್ರಾನ್. ಬೇಕಾದದ್ದು 8. ಅದೇ ತುಂಡುಗಳನ್ನು ಲ್ಯಾಬಿಗೆ ಕಳಿಸಿ ಎಕ್ಸ್‌ರೇ ಹಾಯಿಸುವ ಎಕ್ಸ್‌ಆರ್‌ಎಫ್ ಯಂತ್ರದಲ್ಲಿ ಜಾಗ ಜಾಗದ ದಪ್ಪ ಅಳೆಸಿದೆವು. ನಡುವಿನಲ್ಲಿ ಎಂಟೂವರೆ, ಮೂಲೆಗಳಲ್ಲಿ ಹತ್ತೊಂಬತ್ತು, ಇಪ್ಪತ್ತು. ಕರೆಂಟ್ ಅಂಚಿನ ಕಡೆಗೇ ಜಾಸ್ತಿ ಓಡುತ್ತದೆ, ಅಲ್ಲೇ ಬೆಳ್ಳಿ ಹೆಚ್ಚು ಕೂರುತ್ತದೆ. ನಡುವಿನಲ್ಲಿ 8 ಬರಲಿ ಅಂತ ಕಾದರೆ ಅಂಚು ದಪ್ಪವಾಗುತ್ತಾ ಹೋಗುತ್ತದೆ.

ಬಾತ್, ಅಂದರೆ ಪ್ಲೇಟಿಂಗ್ ದ್ರಾವಣದ ಟ್ಯಾಂಕ್ ನೋಡಿಕೊಳ್ಳುವವರು ಅಲ್ಲಿ ಇಪ್ಪತ್ತು ವರ್ಷದಿಂದ ಇದ್ದಾರೆ. ಅವರಿಗೆ ಬೇಸರವಾಯಿತು. "ಇಷ್ಟು ವರ್ಷದಲ್ಲಿ ದಪ್ಪ ಕಮ್ಮಿ ಅಂತ ನನ್ನ ಒಂದು ಪೀಸೂ ವಾಪಸ್ ಬಂದಿಲ್ಲ, ಗೊತ್ತಾ ಸರ್?" ಅಂದರು. ನಿಜ. ಒಂದೂ ವಾಪಸ್ ಬರಬಾರದು ಅಂತಲೇ ಅವರು ಸ್ವಲ್ಪ ಜಾಸ್ತಿ ಹಾಕುತ್ತಿದ್ದರು. ಅದು ಅವರ ಮರ್ಯಾದೆಯ ಪ್ರಶ್ನೆ. ಅವರಿಗೆ ಬೈಯುವುದು ತಪ್ಪಾಗುತ್ತಿತ್ತು. ಮಾಲೀಕರು ಬೈಯಲಿಲ್ಲ. ಮೂಲೆಯ ಅಂಕಿಗಳನ್ನು ತುಂಡಿನ ಮೇಲೇ ಮಾರ್ಕರ್‌ನಲ್ಲಿ ಬರೆದು ಅವರ ಕೈಗೆ ಕೊಟ್ಟರು. ಎರಡು ದಿನ ಬಿಟ್ಟು ಅವರೇ ಹಳೆ ಪ್ಲಾಸ್ಟಿಕ್ ಕ್ಯಾನ್ ಒಂದನ್ನು ಕತ್ತರಿಸಿ, ಪಟ್ಟಿ ಮಾಡಿ, ರ‍್ಯಾಕಿನ ಅಂಚಿಗೆ ಕಟ್ಟಿ ಇಳಿಸಿದರು. ಅಂಚಿಗೆ ಓಡುವ ಕರೆಂಟಿಗೆ ಅದು ಅಡ್ಡ ಗೋಡೆ. ತುಂಡುಗಳ ನಡುವಿನ ಅಂತರ ಬದಲಿಸಿದರು. ಕರೆಂಟ್ ಸ್ವಲ್ಪ ಇಳಿಸಿದರು. ಮೂರು ವಾರದ ಒದ್ದಾಟದ ನಂತರ ಸರಾಸರಿ 9.6 ಮೈಕ್ರಾನ್‌ಗೆ ಬಂತು, 2 ಗ್ರಾಂ. ನಡುವಿನಲ್ಲಿ 8ರ ಮೇಲೆಯೇ ಉಳಿಯಿತು.

ಗಡಿಯಾರ ನೋಡಿ ರ‍್ಯಾಕ್ ಎತ್ತುವ ಅಭ್ಯಾಸವನ್ನೂ ಬಿಟ್ಟರು. ಒಂದು ಆಂಪಿಯರ್ ಅವರ್, ಅಂದರೆ ಒಂದು ಆಂಪಿಯರ್‌ನಂತೆ ಒಂದು ಗಂಟೆ ಹರಿದ ಕರೆಂಟಿಗೆ 4.025 ಗ್ರಾಂ ಬೆಳ್ಳಿ ಕೂರುತ್ತದೆ. ಇದು ಬದಲಾಗದ ಲೆಕ್ಕ. ಇಪ್ಪತ್ತು ತುಂಡಿನ ಒಂದು ರ‍್ಯಾಕಿಗೆ 40 ಗ್ರಾಂ ಬೇಕು, ಅಂದರೆ 10 ಆಂಪಿಯರ್ ಅವರ್. ಕೊಕ್ಕೆಗೆ ಹೋಗುವ ಚೂರು ಸೇರಿಸಿದರೂ ಹತ್ತೂವರೆ ದಾಟಬಾರದು. ಒಂದು ಮೀಟರ್ ಹಾಕಿಸಿದರು.

ಇನ್ನು ತುಂಡಿನ ಮೇಲೂ ಕೂರದೆ ಮಾಯವಾಗುತ್ತಿದ್ದ ಬೆಳ್ಳಿ. ತಿಂಗಳಿಗೆ ಹತ್ತಿರ ಹತ್ತಿರ ಅರ್ಧ ಕೆಜಿ. ಎಲ್ಲಿಗೆ ಹೋಗುತ್ತಿತ್ತು? ರ‍್ಯಾಕ್ ಎತ್ತಿದ ಕೂಡಲೇ ತೊಳೆಯುವ ನೀರಿಗೆ ಅದ್ದುತ್ತಿದ್ದರು. ತುಂಡಿಗೆ ಅಂಟಿದ ದ್ರಾವಣ ಹರಿಯುವ ನೀರಿನೊಂದಿಗೆ ಹೊರಗೆ ಹೋಗುತ್ತಿತ್ತು. ರಬ್ಬರ್ ಕೋಟಿಂಗ್ ಕಿತ್ತುಹೋದ ಕೊಕ್ಕೆಗಳ ಮೇಲೆ ಬೆಳ್ಳಿ ಗಂಟು ಕಟ್ಟುತ್ತಿತ್ತು. ಫಿಲ್ಟರ್ ಕಾರ್ಟ್ರಿಜ್‌ಗಳಲ್ಲೂ ಒಂದಿಷ್ಟು. ಪ್ಲೇಟಿಂಗ್ ಟ್ಯಾಂಕಿನ ಪಕ್ಕದಲ್ಲೇ ನೀರು ಹರಿಯದ ಒಂದು ಟ್ಯಾಂಕ್ ಇಟ್ಟರು. ರ‍್ಯಾಕನ್ನು ಟ್ಯಾಂಕಿನ ಮೇಲೇ ಅರೆ ನಿಮಿಷ ಹಿಡಿದು, ಚೆನ್ನಾಗಿ ತೊಟ್ಟಿಕ್ಕಿದ ಮೇಲೆ ಮೊದಲು ಇದರಲ್ಲಿ ಅದ್ದುವುದು. ಆ ನೀರಿನ ಸ್ವಲ್ಪ ಭಾಗ ವಾಪಸ್ ಬಾತ್‌ಗೆ ಹೋಗುತ್ತದೆ. ಉಳಿದದ್ದಕ್ಕೆ ಕರೆಂಟ್ ಹಾಯಿಸಿ ಬೆಳ್ಳಿಯನ್ನು ಸ್ಟೀಲ್ ತಗಡಿನ ಮೇಲೆ ಹಿಡಿಯುತ್ತಾರೆ. ಇಲ್ಲಿನ ಬೆಳ್ಳಿಯ ಬಾತ್ ಸಯನೈಡ್ ಬಾತ್. ಹಾಗಾಗಿ ಕಡಿಮೆ ದ್ರಾವಣ ಹೊರಹೋದಷ್ಟೂ ನೀರು ಶುದ್ಧ ಮಾಡುವ ಕೆಲಸವೂ ಹಗುರ. ಈ ಲಾಭವನ್ನು ನಾನು ಮೊದಲು ಲೆಕ್ಕಕ್ಕೇ ಹಿಡಿದಿರಲಿಲ್ಲ.

ನವೆಂಬರ್ ಕೊನೆಗೆ ತಿಂಗಳ ಬೆಳ್ಳಿ 4.5 ಕೆಜಿಯಿಂದ 3.4ಕ್ಕೆ ಇಳಿಯಿತು. ತುಂಡುಗಳು ಅಷ್ಟೇ, 1,600. ಗಣಿ, ಲಂಡನ್, ನಗರ್ತಪೇಟೆ ಯಾವುದೂ ಕೊಡದ 1.1 ಕೆಜಿ ಶೆಡ್ಡಿನ ಒಳಗೇ ಸಿಕ್ಕಿತ್ತು.

ಅದೇ ಹಾಳೆಗಳನ್ನು ಹಿಡಿದುಕೊಂಡು ಮಾಲೀಕರು ಮತ್ತೆ ಪರ್ಚೇಸ್ ಮೇಡಂ ಹತ್ತಿರ ಹೋದರು. ಎಲ್ಲವನ್ನೂ ತೋರಿಸಬೇಡಿ ಅಂತ ಒಬ್ಬ ಹಿತೈಷಿ ಹೇಳಿದ್ದರು. ಮೊದಲು 2.8 ಗ್ರಾಂ ಹೋಗುತ್ತಿತ್ತು ಅಂದರೆ ನಮ್ಮ ದಡ್ಡತನ ಗೊತ್ತಾಗುತ್ತೆ ಅಂತ. ಇವರು ಅದನ್ನೂ ತೋರಿಸಿದರು. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಅವರು ಮಾಡಿದ ಅತ್ಯಂತ ಒಳ್ಳೆಯ ತೀರ್ಮಾನ ಅದು. ಮೇಡಂ ತಮ್ಮ ಕಡೆಯಿಂದ ಮೂರು ಲಾಟ್ ತೂಗಿಸಿದರು. ಅಂಕಿ ತಾಳೆ ಬಿತ್ತು.

ಹೊಸ ಒಪ್ಪಂದದಲ್ಲಿ ರೇಟನ್ನು ಎರಡು ಭಾಗ ಮಾಡಿದರು. ಪ್ಲೇಟಿಂಗ್ ಕೂಲಿ ತುಂಡಿಗೆ 105 ರೂಪಾಯಿ, ವರ್ಷವಿಡೀ ಒಂದೇ. ಬೆಳ್ಳಿ ತುಂಡಿಗೆ 2.15 ಗ್ರಾಂ, ಹಿಂದಿನ ತಿಂಗಳ ಎಂಸಿಎಕ್ಸ್ (ಸರಕು ವಿನಿಮಯ ಕೇಂದ್ರ) ಸರಾಸರಿ ಬೆಲೆಯಲ್ಲಿ. ಬೆಲೆ ಇಳಿದರೆ ಲಾಭ ಗ್ರಾಹಕರಿಗೆ, ಏರಿದರೆ ಭಾರವೂ ಅವರದೇ. ಗ್ರಾಂ ಉಳಿಸಿದರೆ ಅದು ಘಟಕದ್ದು. ಕೆಜಿಗೆ ಒಂದೂವರೆ ಲಕ್ಷ ಹಿಡಿದರೆ ತುಂಡಿಗೆ ಸುಮಾರು 427 ರೂಪಾಯಿ. 290ರಿಂದ ಇದು ದೊಡ್ಡ ಏರಿಕೆಯೇ. ಹಳೆಯ 2.8 ಗ್ರಾಂ ಲೆಕ್ಕದಲ್ಲಿ ಕೇಳಿದ್ದರೆ 525 ಆಗುತ್ತಿತ್ತು. ಅಷ್ಟಕ್ಕೆ ಅವರು ಖಂಡಿತ ಒಪ್ಪುತ್ತಿರಲಿಲ್ಲ.

ಕಳೆದ ತಿಂಗಳುಗಳ ನಷ್ಟ ವಾಪಸ್ ಬರಲಿಲ್ಲ. ಒಬ್ಬ ಸಣ್ಣ ಗ್ರಾಹಕರು ತಿಂಗಳಿಗೊಮ್ಮೆ ಬದಲಾಗುವ ರೇಟ್ ಬೇಡ ಅಂತ ಬೇರೆ ಕಡೆ ಹೋದರು. ಬಿಟ್ಟುಹೋದ ಹುಡುಗ ಮರಳಲಿಲ್ಲ. ತಿಂಗಳ ಸರಾಸರಿ ಬೆಲೆಯಲ್ಲೂ ಒಂದು ಅಪಾಯ ಉಳಿದೇ ಇದೆ. ತಿಂಗಳ ನಡುವೆ ಬೆಲೆ ಜಿಗಿದರೆ ಆ ತಿಂಗಳ ವ್ಯತ್ಯಾಸ ಘಟಕದ ಮೇಲೇ ಬೀಳುತ್ತದೆ. ಅದಕ್ಕೆ ಎರಡು ವಾರಕ್ಕೆ ಸಾಕಾಗುವಷ್ಟು ಬೆಳ್ಳಿ ಮಾತ್ರ ಕೈಯಲ್ಲಿಟ್ಟುಕೊಳ್ಳುವುದು, ಅದಕ್ಕಿಂತ ಜಾಸ್ತಿಯೂ ಬೇಡ ಕಡಿಮೆಯೂ ಬೇಡ ಅಂತ ನಿಯಮ ಮಾಡಿಕೊಂಡಿದ್ದಾರೆ.

ಡಿಸೆಂಬರ್‌ನಲ್ಲಿ ನಾನು ಹೋದಾಗ ಬಾತ್ ನೋಡಿಕೊಳ್ಳುವವರು ಶೆಡ್ಡಿನ ಹಿಂದೆ ಕೂತು, ವರ್ಷಗಳಿಂದ ಮೂಲೆಯಲ್ಲಿ ಬಿದ್ದಿದ್ದ ಹಳೆ ರ‍್ಯಾಕ್‌ಗಳ ಕೊಕ್ಕೆಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು. ಗಂಟು ಗಂಟಾದ ಬೂದು ಬಣ್ಣದ ಬೆಳ್ಳಿ ಸ್ಟೀಲ್ ಡಬ್ಬಿಯಲ್ಲಿ ತುಂಬಿತ್ತು. ತೂಗಿದಾಗ 940 ಗ್ರಾಂ. ಅದನ್ನು ಶುದ್ಧ ಮಾಡಲು ಕಳಿಸಿದ್ದಾರೆ. ಹಳೆ ಫಿಲ್ಟರ್ ಕಾರ್ಟ್ರಿಜ್‌ಗಳ ಎರಡು ಡ್ರಮ್ ಇನ್ನೂ ಅಲ್ಲೇ ಇವೆ. ಅವು ಅಪಾಯಕಾರಿ ತ್ಯಾಜ್ಯದ ಪಟ್ಟಿಗೆ ಬರುವುದರಿಂದ ಅನುಮತಿ ಇರುವ ರಿಫೈನರಿಗೇ ಕೊಡಬೇಕು, ಮಾಲಿನ್ಯ ನಿಯಂತ್ರಣ ಮಂಡಳಿಯ ನಿಯಮದಂತೆ ಕಾಗದಪತ್ರವೂ ಆಗಬೇಕು. ಡ್ರಮ್‌ಗಳ ಮೇಲೆ ತೂಕ, ತಾರೀಕು ಬರೆದು ಬೀಗ ಹಾಕಿಟ್ಟಿದ್ದಾರೆ.